ಸೋಲಿಗೆ ಪೈಪೋಟಿ

ಮೂರನೆಯ ಡಬಲ್ ಫಾಲ್ಟ್‌ಗೆ ಅಂಪೈರ್‌ನ ಅನುಮಾನ ಗಟ್ಟಿಯಾಯಿತು.

ಸರ್ವ್ ಮಾಡುತ್ತಿದ್ದವಳು ‘ಸಿಡಿಲು’. ಅವಳ ಸರ್ವ್‌ಗೆ ಎದುರು ನಿಂತವರು ಕಣ್ಣು ಮುಚ್ಚಿಕೊಳ್ಳುತ್ತಿದ್ದ ಕಾಲವೊಂದಿತ್ತು. ಅಂಥವಳು ಚೆಂಡನ್ನು ಮತ್ತೆ ಮತ್ತೆ ನೆಟ್ಟಿಗೇ ಬಡಿಯುತ್ತಿದ್ದಳು. ಬಡಿದು ತಲೆ ಚಚ್ಚಿಕೊಳ್ಳುವುದು ಬಿಟ್ಟು ತುಟಿಯಂಚಿನಲ್ಲಿ ನಗುತ್ತಿದ್ದಳು.

ಅದು ಹಿರಿಯ ಆಟಗಾರ್ತಿಯರ ಟೆನಿಸ್ ಫೈನಲ್. ನೆಟ್ಟಿನ ಆಚೆ ನಿಂತವಳು ‘ಗೋಡೆ’. ಎಷ್ಟೇ ಜೋರಾಗಿ ಹೊಡೆದರೂ ಚೆಂಡು ಹಿಂದಕ್ಕೆ ಬರುತ್ತದೆಂದು ಅವಳಿಗೆ ಆ ಹೆಸರು. ಇಬ್ಬರಿಗೂ ಐವತ್ತು ದಾಟಿತ್ತು. ಯೌವನದಿಂದಲೂ ಅವರದು ಎಣ್ಣೆ ಸೀಗೆಕಾಯಿ ಸಂಬಂಧ. ಒಬ್ಬಳು ಲಿಫ್ಟ್ ಹತ್ತಿದರೆ ಇನ್ನೊಬ್ಬಳು ಎಂಟು ಮಹಡಿಯಾದರೂ ಮೆಟ್ಟಿಲು ಹತ್ತಿ ಹೋಗುತ್ತಿದ್ದಳು. ಎದುರಾಳಿಯ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹೇಳಿ ಎಂದು ಪತ್ರಕರ್ತನೊಬ್ಬ ಗೋಗರೆದಾಗ ಗೋಡೆ ತುಂಬ ಹೊತ್ತು ಯೋಚಿಸಿ, “ಶೂ ಲೇಸು ಚೆನ್ನಾಗಿ ಕಟ್ಕೋತಾಳೆ” ಎಂದಿದ್ದಳು. ಮನೆಯ ಸುದ್ದಿ ಕೇಳಿದವರಿಗೆ ಮಾತ್ರ ಇಬ್ಬರದೂ ಒಂದೇ ಉತ್ತರ: “ಆಟದ ಬಗ್ಗೆ ಕೇಳಿ.”

ಮೊದಲ ಸೆಟ್ಟಿನಲ್ಲಿ ಆ ಹಳೆಯ ಹಗೆಯೇ ಕುಣಿದಿತ್ತು. ಸಿಡಿಲು ಬೆವರಿಳಿಸಿ ಅದನ್ನು ಗೆದ್ದುಕೊಂಡಳು. ಆಮೇಲೆ ಇಬ್ಬರೂ ಬೆಂಚುಗಳ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಾಗ ಪ್ರೇಕ್ಷಕರ ನಡುವೆ ಫೋನೊಂದು ಗುನುಗಿತು. ಗೋಡೆಯ ಗಂಡ ಅದನ್ನು ಕಿವಿಗಿಟ್ಟುಕೊಂಡು ಎದ್ದು ನಿಂತ. ಅವನ ಪಕ್ಕದಲ್ಲಿದ್ದವನು ಸಿಡಿಲಿನ ಗಂಡ. ಅವರಿಬ್ಬರೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತಿದ್ದೇ ಅಂಪೈರ್‌ಗೆ ಸೋಜಿಗವಾಗಿತ್ತು. ಈಗ ಗೋಡೆಯ ಗಂಡ ಅಂಗಣದ ಕಡೆ ಕೈಯೆತ್ತಿ ಐದು ಬೆರಳು ತೋರಿಸಿದ.

ಇಬ್ಬರು ಹೆಂಗಸರೂ ಅದನ್ನು ನೋಡಿದರು. “ಇವತ್ತೇ ಅಂತ ಯಾರಿಗೆ ಗೊತ್ತಿತ್ತು!” ಎಂದು ಸಿಡಿಲು ಗೊಣಗಿಕೊಂಡಳು.

ಗೋಡೆ ಎದ್ದು ಅಂಪೈರ್‌ನ ಎತ್ತರದ ಕುರ್ಚಿಯ ಬುಡಕ್ಕೆ ಬಂದಳು. “ಪಂದ್ಯ ಮುಗಿದ ಮೇಲೆ ಇಬ್ಬರೂ ಇರ್ಲೇಬೇಕಾ?”

“ಗೆದ್ದೋರು ಇರ್ಬೇಕು. ಕಪ್ಪು, ಭಾಷಣ, ಫೋಟೋ ಎಲ್ಲಾ ಇರುತ್ತೆ. ಸೋತೋರು ಹೋಗ್ಬಹುದು.”

ಹಿಂದಿನಿಂದ ಸಿಡಿಲು ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿದ್ದಳು.

ಆಟ ಕೆಟ್ಟಿದ್ದು ಅಲ್ಲಿಂದಲೇ. ಸಿಡಿಲು ಸರ್ವ್‌ಗಳನ್ನು ನೆಟ್ಟಿಗೆ ಸುರಿದಳು. ಗೋಡೆ ಸುಲಭದ ಚೆಂಡುಗಳನ್ನು ಬೇಲಿಯಾಚೆಗೆ ಅಟ್ಟಿದಳು. ಸೋಲುವುದರಲ್ಲಿ ಸಿಡಿಲಿನ ಕೈ ಒಂದಿಷ್ಟು ಮೇಲಾಯಿತು. ಎರಡನೆಯ ಸೆಟ್ ಗೋಡೆಯ ಪಾಲಾದಾಗ ಸಿಡಿಲು ನಿರಾಳವಾಗಿ ನೀರು ಕುಡಿದಳು, ಗೋಡೆ ಹಲ್ಲು ಕಡಿದಳು. ಅತ್ತ ಬೆರಳುಗಳು ನಾಲ್ಕಾದವು. ಕೊನೆಯ ಸೆಟ್ಟಿನ ನಡುವೆ ಮೂರಕ್ಕಿಳಿದವು.

ಸಿಡಿಲು ಇದ್ದಕ್ಕಿದ್ದಂತೆ ಕಾಲು ಉಳುಕಿತೆಂದು ಕುಸಿದಳು. ತಕ್ಷಣ ಗೋಡೆಯೂ ಸೊಂಟ ಹಿಡಿದುಕೊಂಡು ಕೂತಳು. ಡಾಕ್ಟರು ಓಡಿಬಂದು ಒಬ್ಬಳ ಕಾಲನ್ನೂ ಇನ್ನೊಬ್ಬಳ ಸೊಂಟವನ್ನೂ ಒತ್ತಿ ನೋಡಿದರು. “ಇಬ್ಬರೂ ಕಲ್ಲುಗುಂಡಿನ ಹಾಗಿದ್ದಾರೆ” ಎಂದು ಹೇಳಿ ಹೋದರು.

ಅಂಪೈರ್ ಕುರ್ಚಿಯಿಂದ ಇಳಿದೇಬಿಟ್ಟ. ಅವನಿಗೆ ಇಂಥ ದೊಡ್ಡ ಪಂದ್ಯ ಇದೇ ಮೊದಲು. ಮೋಸದಾಟವೊಂದು ತನ್ನ ತಲೆಗೆ ಸುತ್ತಿಕೊಳ್ಳುತ್ತದೆಂಬ ಭಯ ಅವನದು.

“ಏನ್ರಮ್ಮ ಇದು ನಾಟಕ? ಬೇಕೂಂತಲೇ ಸೋಲ್ತಿದ್ದೀರಿ. ಇನ್ನೊಂದ್ಸಲ ಹೀಗೆ ಮಾಡಿದ್ರೆ ಹೊರಗೆ ಹಾಕ್ತೀನಿ.”

“ನನ್ನ ಹಾಕಿ,” ಎಂದಳು ಸಿಡಿಲು. “ಶುರು ಮಾಡಿದ್ದೇ ನಾನು.”

“ಸುಳ್ಳು! ಮೊದಲು ಶುರು ಮಾಡಿದ್ದು ನಾನು.”

“ಆಡೋ ಮನಸ್ಸಿಲ್ಲದಿದ್ರೆ ಬಿಟ್ಟು ಹೋಗಿ!”

ಗೋಡೆ ಕಣ್ಣು ಕೆರಳಿಸಿದಳು. “ಇವಳ ಮುಂದೆ ಆಟ ಬಿಟ್ಟು ಓಡೋದಾ? ಸಾಯೋವರೆಗೂ ಆಡ್ಕೋತಾಳೆ. ಹೋದ್ರೆ ಸೋತೇ ಹೋಗ್ತೀನಿ.”

“ಅದೂ ನೋಡೇಬಿಡೋಣ,” ಎಂದು ಸಿಡಿಲು ರ‍್ಯಾಕೆಟ್ ಎತ್ತಿಕೊಂಡಳು.

ಅಂಪೈರ್ ಮತ್ತೆ ಕುರ್ಚಿ ಹತ್ತಿದ. ಪಂದ್ಯ ಮುಗಿದೊಡನೆ ದೂರು ಕೊಡಬೇಕೆಂದು ಮನಸ್ಸಿನಲ್ಲೇ ತೀರ್ಮಾನಿಸಿದ. ಅಂಕಗಳು ಕುಂಟುತ್ತಾ ಸಾಗಿ ಕಡೆಗೆ ಸಮಸಮವಾದವು. ಹಿರಿಯರ ಪಂದ್ಯದ ನಿಯಮದಂತೆ ಇನ್ನೊಂದೇ ಪಾಯಿಂಟು, ಪಂದ್ಯ ಮುಗಿಯಬೇಕು. ಗೋಡೆಯ ಗಂಡ ಫೋನಿನಲ್ಲಿ ಏನೋ ಕೇಳಿ ಹೋ ಎಂದು ಕೂಗಿದ. ಗಂಡಂದಿರಿಬ್ಬರೂ ತಬ್ಬಿಕೊಂಡು ಕುಣಿದರು. ಒಪ್ಪಂದ ಕುದುರಿತು ಎಂದುಕೊಂಡ ಅಂಪೈರ್.

ಸಿಡಿಲು ನಿಧಾನವಾಗಿ ತೇಲಿಬಿಟ್ಟ ಚೆಂಡನ್ನು ಗೋಡೆ ಬೇಕೆಂದೇ ನೆಟ್ಟಿಗೆ ಬಡಿದಳು. ಹಾಳು ಚೆಂಡು ನೆಟ್ಟಿನ ಪಟ್ಟಿಯ ಮೇಲೆ ಒಂದು ಕ್ಷಣ ಕೂತು, ಅತ್ತಿತ್ತ ನೋಡಿ, ಆಚೆ ಬದಿಗೆ ಉದುರಿತು.

ಗೋಡೆ ಗೆದ್ದಿದ್ದಳು. ಮೊಣಕಾಲೂರಿ ಗೊಳೋ ಎಂದು ಅತ್ತಳು. ಜನ ಆನಂದಬಾಷ್ಪವೆಂದು ಎದ್ದು ಚಪ್ಪಾಳೆ ತಟ್ಟಿದರು. ಸೋತ ಸಿಡಿಲು ಎರಡೂ ಕೈ ಮೇಲೆತ್ತಿ ಜಿಗಿದಳು. ಕೈಕುಲುಕುವ ನೆವದಲ್ಲಿ ಗೋಡೆಯ ಬೆನ್ನಿಗೊಂದು ಗುದ್ದಿ, ಚೀಲವನ್ನೂ ಅಲ್ಲೇ ಬಿಟ್ಟು ಹೊರಬಾಗಿಲಿನ ಕಡೆ ಓಡಿದಳು. ಐವತ್ತು ದಾಟಿದವಳ ಓಟವಾಗಿರಲಿಲ್ಲ ಅದು.

ಗೋಡೆಯೂ ಹಿಂದೆಯೇ ಓಡಲು ನೋಡಿದಳು. ನಾಲ್ಕು ಜನ ಸಂಘಟಕರು ನಗುನಗುತ್ತಾ ತೋಳು ಹಿಡಿದು ವೇದಿಕೆಗೆ ಕರೆತಂದರು. ಕೊಡದಷ್ಟು ದಪ್ಪನೆಯ ಬೆಳ್ಳಿಯ ಕಪ್ಪನ್ನು ತೋಳುಗಳಿಗೆ ತುಂಬಿದರು. ದೂರು ಹೇಳಲು ಅಂಪೈರ್ ವೇದಿಕೆಯ ಮೆಟ್ಟಿಲ ಬಳಿ ಬಂದು ನಿಂತ.

“ಇಂಥ ಗೆಲುವಿನ ಕ್ಷಣದಲ್ಲಿ ಏನನ್ನಿಸ್ತಿದೆ, ಹೇಳಿ,” ಎಂದು ನಿರೂಪಕಿ ಮೈಕು ಹಿಡಿದಳು.

“ಇದನ್ನ ಯಾರಾದ್ರೂ ಹಿಡ್ಕೊಳ್ರೀ! ಅಲ್ಲಿ ಮೂರು ನಿಮಿಷಕ್ಕೊಂದು ನೋವು ತಿಂದು ನನ್ನ ಮಗಳು ಹೆತ್ತಿದ್ದಾಳೆ, ಅವಳ ಅತ್ತೆ ಈಗಷ್ಟೇ ಓಡಿದ್ಲು, ನನಗಿಂತ ಮೊದಲು ಮೊಮ್ಮಗೂನ ಎತ್ಕೊಂಡ್ಬಿಡ್ತಾಳೆ!”