ಮುಳ್ಳುಸೌತೆಯ ಏಲಂ

‘ಐವತ್ತು ಸಾವಿರ!’

ಬಸ್ರೂರಿನ ಚೌತಿಯ ಚಪ್ಪರದಲ್ಲಿ ಅಕ್ಷಿತಾಳ ದನಿ ಕೇಳಿದ್ದೇ ತಡ, ಅದುವರೆಗೆ ನಗುತ್ತ ಕೂಗುತ್ತಿದ್ದ ಜನವೆಲ್ಲ ಬಾಯಿಗೆ ಬೀಗ ಜಡಿದಂತೆ ಸುಮ್ಮನಾಯಿತು. ಏಲಂ ನಡೆಸುತ್ತಿದ್ದ ಭೋಜರಾಜ ಶೆಟ್ಟರು ಎತ್ತಿದ ಕೈಯನ್ನು ಇಳಿಸಲು ಮರೆತರು. ಆ ಕೈಯಲ್ಲಿದ್ದುದು ಗಣಪತಿಗೆ ಅರ್ಪಿತವಾಗಿದ್ದ, ಬಲಿತು ಹಳದಿಯಾದ ಒಂದು ಮುಳ್ಳುಸೌತೆ.

ಹುಟ್ಟಿದ್ದು ದುಬೈಯಲ್ಲಿ, ಓದುತ್ತಿರುವುದು ಲಂಡನ್ನಿನಲ್ಲಿ. ತಾಯಿಯ ಊರಿನ ಹಬ್ಬಕ್ಕೆ ಅಕ್ಷಿತಾ ಬಂದದ್ದು ಇದೇ ಮೊದಲು. ಅಲ್ಲಿಯ ಅವಳ ಬಳಗದಲ್ಲಿ ವಿಹಾರನೌಕೆಯ ಬಾಡಿಗೆಗೋ ಊಟದ ಬಿಲ್ಲಿಗೋ ಮೊದಲು ಕಾರ್ಡು ಚಾಚಿದವರೇ ಆಪ್ತರು. ಚಾಚದವರಿಗೆ ಮುಂದಿನ ಕರೆಯಿಲ್ಲ. ಇಲ್ಲಿ ಒಂದು ಸೌತೆಗಾಗಿ ಇಷ್ಟು ಮಂದಿ ಐದೈದು ರೂಪಾಯಿ ಏರಿಸುವುದನ್ನು ಕುತೂಹಲದಿಂದ ನೋಡಿ, ಈ ಬಳಗದ ಬಾಗಿಲೂ ಇದೇ ಎಂದು ಬಗೆದಿದ್ದಳು. ಊರವರೆಲ್ಲ ಚಾಪೆಯಲ್ಲಿದ್ದರು, ಅವಳೊಬ್ಬಳಿಗೆ ಕುರ್ಚಿ ಹಾಕಿದ್ದರು.

‘ಎಂತ ಮಾಡ್ದೆ ಹೆಣೆ!’ ಕುರ್ಚಿಯ ಪಕ್ಕ ಚಾಪೆಯಲ್ಲಿ ಕುಳಿತಿದ್ದ ನೆರೆಮನೆಯ ವನಜಕ್ಕ ಪಿಸುಗುಟ್ಟಿದಳು. ‘ಅದ್ ಕರಿಯಣ್ಣನ್ ಹಿತ್ಲಿನ್ ಕಾಯಿ. ದೇವ್ರಿಗ್ ಕೊಟ್ಟ್, ಏಲಂನಗೆ ವರ್ಷವೂ ಅವ್ನೇ ತಕಂಬ್ದ್. ಬಪ್ಪ್ ವರ್ಷ ಬಿತ್ತುಕೆ ಅದ್ರದ್ದೇ ಬೀಜ.’

‘ಮತ್ತೆ ನೀವೆಲ್ಲ ಯಾಕೆ ಕೂಗಿದಿರಿ?’

‘ಸೋಲುಕೆ! ಅವ್ನನ್ನ್ ಚೂರ್ ಹೆದ್ರ್ಸಿ, ನೂರ್ ಆದ್ ಕೂಡ್ಲೆ ಬಿಟ್ಟ್ ಕೊಡುದ್.’

ಎದುರಿಗೆ ಮುದುಕ ಕರಿಯ, ಮಡಚಿದ್ದ ನೂರರ ನೋಟನ್ನೇ ಮತ್ತೆ ಮಡಚುತ್ತಿದ್ದ. ಅಕ್ಷಿತಾಳ ಮುಖ ಕೆಂಪೇರಿತು. ಫೋನಿನಲ್ಲಿ ಹಣ ಸಲ್ಲಿಸಿ, ಕಾಯಿಯನ್ನು ಇಸಕೊಂಡು ಅವನ ಮುಂದೆ ಹಿಡಿದಳು. ‘ತಕೊಳ್ಳಿ ಅಜ್ಜ, ನಿಮ್ಮದೇ.’

‘ಬ್ಯಾಡ ಮಗಾ,’ ಕರಿಯ ಕೈ ಮುಗಿದ. ‘ದೇವ್ರದ್ದ್ ಪುಕ್ಕಟೆ ತಕಂಬ್ಕಾಗ.’

ಅವಳು ಮಂಟಪದತ್ತ ನಡೆದಳು. ಗಣಪತಿಯ ಪದತಲದಲ್ಲಿ ಕಾಯಿಯನ್ನಿರಿಸಿ ಕೇಳಿದಳು: ‘ಈಗ ನಾನು ದೇವರಿಗೆ ಕೊಟ್ಟೆ. ಇನ್ನೊಮ್ಮೆ ಏಲಂ ಮಾಡಬಹುದಾ?’

ಶೆಟ್ಟರು ಅರ್ಚಕರ ಮುಖ ನೋಡಿದರು. ಅರ್ಚಕರು ಮುಗುಳ್ನಕ್ಕು, ಕಾಯಿಯ ಮೇಲೊಂದು ಗರಿಕೆಯಿಟ್ಟು ತೆಗೆದುಕೊಟ್ಟರು.

‘ಐವತ್ತ್!’ ಕರಿಯ ಕೂಗಿದ.

‘ಎಪ್ಪತ್ತ್!’ ಎಂದಳು ವನಜಕ್ಕ.

‘ತೊಂಬತ್ತೈದು,’ ಅಕ್ಷಿತಾ ನಿಂತಲ್ಲಿಂದಲೇ ಅಂದಳು.

‘ನೂರ್!’ ಕರಿಯ ಮಡಚಿದ್ದ ನೋಟನ್ನು ಬಿಡಿಸಿ ಎತ್ತಿ ಹಿಡಿದ.

‘ನೂರ್ ರೂಪಾಯಿ ಒಂದ್ ಸಲ... ಎರ್ಡ್ ಸಲ...’ ಶೆಟ್ಟರು ಅಲ್ಲಿಗೇ ನಿಲ್ಲಿಸಿದರು. ಚಪ್ಪರದ ಕಣ್ಣುಗಳೆಲ್ಲ ಅಕ್ಷಿತಾಳ ತುಟಿಗಳ ಮೇಲೆ ನೆಟ್ಟವು. ಅವಳು ತುಟಿ ಬಿಗಿದು ನಿಂತಳು.

‘ಮೂರ್ ಸಲ!’

ನಗೆಯ ಗದ್ದಲದಲ್ಲಿ ಅವಳು ಕುರ್ಚಿಯತ್ತ ಹೊರಟಾಗ, ವನಜಕ್ಕ ಚಾಪೆಯಲ್ಲಿ ಗೇಣುದ್ದ ಸರಿದು ಪಕ್ಕವನ್ನು ತಟ್ಟಿದಳು.

‘ಅಲ್ಲೆಲ್ಲಿಗ್ ಹೋತೆ? ಸೋತವ್ರೆಲ್ಲ ಇಲ್ಲೇ ಕೂಕಂಬ್ದ್.’