ಪರದೆಯ ಮೂರನೇ ತೂತು

ತೀರಿಕೊಂಡ ಮಾವನ ಹಾಸಿಗೆ ಸುತ್ತಲು ಬಗ್ಗಿದ ನರ್ಸ್ ಸೊಸೆಯ ಕೈ ಹಾಗೇ ನಿಂತಿತು. ದಿಂಬಿನ ಮೇಲೆ ಕಡಲೆಕಾಳಿನಷ್ಟು ಎಳೆಬಿಸಿಲು ಬಿದ್ದಿತ್ತು. ಪಕ್ಕದ ಪೂರ್ವದ ಕಿಟಕಿಯ ಕಪ್ಪು ಪರದೆಯಲ್ಲಿ ಸಣ್ಣ ತೂತು. ದಿಂಬಿನಡಿ ಒಂದು ಪಿನ್ನು.

"ಹುಟ್ಟೋ ಸೂರ್ಯಂಗೆ ಕೈ ಮುಗೀದೆ ಗಂಟಲಲ್ಲಿ ನೀರಿಳಿಯಲ್ಲಮ್ಮ. ಪರದೆ ಒಂಚೂರು ಸರಿಸ್ತೀಯಾ?" ಹಾಸಿಗೆ ಹಿಡಿದ ಮೊದಲ ವಾರ ಮಾವ ಕೇಳಿದ್ದರು.

"ರಾತ್ರಿಯೆಲ್ಲಾ ಡ್ಯೂಟಿ ಮಾಡಿ ಬಂದಿರ್ತೀನಿ. ಈಗಲಾದ್ರೂ ನಾನು ಮಲಗೋದು ಬೇಡ್ವಾ ಮಾವ?" ಅಂದಿದ್ದಳು. ಒಂದೇ ಕೋಣೆಯ ಮನೆ. ಅವರು ಮತ್ತೆ ಕೇಳಲಿಲ್ಲ.

ಪರದೆಯಲ್ಲಿ ಇದು ಮೂರನೇ ತೂತು. ಮೊದಲೆರಡನ್ನು, ಹಾಳಾದ ಇಲಿ ಎಂದು ಬೈದುಕೊಳ್ಳುತ್ತಾ ಅವಳೇ ಹೊಲಿದಿದ್ದಳು. ಬಟ್ಟೆ ಸುಕ್ಕಾಗದಂತೆ ಮಲಗಿದ್ದಲ್ಲಿಂದಲೇ ಅಂಚು ಹಿಡಿದುಕೊಟ್ಟವರು ಮಾವ.