ಸ್ಪೀಕರ್ ಹಿಂದಿನ ಕೈ

ಹರಪನಹಳ್ಳಿಯ ಕಲ್ಯಾಣ ಮಂಟಪದಲ್ಲಿ ಚಪ್ಪಾಳೆ ಬಿದ್ದಾಗ, ಸ್ಪೀಕರ್ ಡಬ್ಬಗಳ ಹಿಂದೆ ಕೂತು ಗಿಟಾರಿನಲ್ಲಿ ಆಕ್ಟೇವ್ ನುಡಿಸುತ್ತಿದ್ದ ಕ್ರಾಂತಿಗೆ ಮೈಯೆಲ್ಲ ಉರಿಯಿತು. ಒಂದೇ ಸ್ವರದ ಮೇಲಿನದೂ ಕೆಳಗಿನದೂ ಕೂಡಿ ನುಡಿಯಬೇಕು, ನಡುವಿನ ತಂತಿ ಸದ್ದೆತ್ತದಂತೆ ತೋರುಬೆರಳಲ್ಲೇ ತಡೆದಿಡಬೇಕು. ಅದು ಕೈಗೆ ಹತ್ತುವಷ್ಟರಲ್ಲಿ ಅವಳ ಬೆರಳ ತುದಿ ಸುಲಿದು ಗಟ್ಟಿಯಾಗಿತ್ತು. ಚಪ್ಪಾಳೆ ಮಾತ್ರ ಮುಂದೆ ನಿಂತ ಆರ್ಕೆಸ್ಟ್ರಾ ಮಾಲೀಕ ಶ್ರೀನಾಥನಿಗೆ. ಅವನ ಕೊರಳಲ್ಲಿ ತೂಗುತ್ತಿದ್ದ ಗಿಟಾರು ಬರೀ ತೋರಿಕೆಯದು.

"ಈ ಸಲ ನಾನು ಮುಂದ ನಿಂದರ್ತೀನಿ ಅಂದಾಗ ನೀವೂ ಹೂಂ ಅಂದಿದ್ರಲ್ರಿ," ಎಂದು ಮಧ್ಯಾಹ್ನ ಅವಳು ಕೇಳಿದ್ದಕ್ಕೆ ಅವನು ನಕ್ಕಿದ್ದ. "ನಿನ್ನ ಕೈ ಚಲೋ ಐತಿ ಕ್ರಾಂತಿ. ನಿನ್ನ ಮಾರಿ ನೋಡಾಕ ಯಾರೂ ಬಂದಿಲ್ಲ."

ಈಗ ಅವನು ಮೈಕ್ ಹಿಡಿದು, "ಈ ಕೈ ಪಳಗಾಕ ವರ್ಷಗಟ್ಟಲೆ ಬೆವರು ಸುರಿಸೀನ್ರಿ," ಎಂದು ಜನಕ್ಕೆ ಕೈಮುಗಿದ. ಇನ್ನೊಮ್ಮೆ ಶುರುಮಾಡೆಂದು ಹಿಂದಕ್ಕೆ ಸನ್ನೆ ಮಾಡಿದ. ಕ್ರಾಂತಿ ಶುರುಮಾಡಿದಳು. ಹಾಡಿನ ಎರಡನೆಯ ಸಾಲಿನ ನಡುವೆ ತಂತಿಯಿಂದ ಕೈ ಎತ್ತಿಬಿಟ್ಟಳು. ನಾದ ನಿಂತಿತು; ಶ್ರೀನಾಥನ ಬೆರಳುಗಳು ಇನ್ನೂ ಓಡಾಡುತ್ತಲೇ ಇದ್ದವು. ಮುಂದೆ ಕೂತವರಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅವಳು ಗಿಟಾರು ಹಿಡಿದು, ಅದರ ವೈರನ್ನು ಎಳೆದುಕೊಂಡೇ ವೇದಿಕೆಯ ಮುಂದಕ್ಕೆ ನಡೆದುಬಂದಳು.

"ಸುಮ್ನ ಒಳಗ ನಡಿ," ಎಂದು ಅವನು ಹಲ್ಲು ಕಡಿದ.

ಕ್ರಾಂತಿ ತನ್ನ ಗಿಟಾರಿನಿಂದ ವೈರು ಕಿತ್ತು ಅವನೆದುರು ಹಿಡಿದಳು. "ತಗೋರಿ ಸರ್, ಸಿಗಿಸ್ಕೊಂಡು ನೀವ ಬಾರಸ್ರಿ. ನಾನೂ ಕೇಳ್ತೀನಿ."

ಶ್ರೀನಾಥನ ಕೈ ಮುಂದೆ ಬರಲಿಲ್ಲ. ಅವಳು ವೈರನ್ನು ತನ್ನ ಗಿಟಾರಿಗೇ ಸಿಕ್ಕಿಸಿ, ಅವನಿಗೆ ಬೆನ್ನು ಮಾಡಿ ನಿಂತು, ಮೊದಲಿನಿಂದ ನುಡಿಸತೊಡಗಿದಳು.